ಯಳವತ್ತಿಯ ಹುಡುಗಿ

ಲಕ್ಷ್ಮೇಶ್ವರದ ಶಾಲೆಯೊಂದರ ಹಿಂದಿನ ಮೈದಾನದಲ್ಲಿ ಭೀಮೇಶ ಪ್ರತಿ ಭಾನುವಾರ ಬೆಳಗ್ಗೆ ಸಣ್ಣ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ. ಹೊರಗಿನಿಂದ ನೋಡಿದವರಿಗೆ ಅದು ಬಾಸ್ಕೆಟ್‌ಬಾಲ್ ಅನ್ನಿಸುತ್ತಿರಲಿಲ್ಲ. ಬುಟ್ಟಿ ಇದ್ದ ಕಂಬದ ಕಡೆ ಮಕ್ಕಳು ಹಾಯುತ್ತಲೇ ಇರಲಿಲ್ಲ. ಮೈದಾನದ ತುಂಬ ಸೈಕಲ್ಲಿನ ಹಳೆಯ ಟಾಯರುಗಳು ಬಿದ್ದಿರುತ್ತಿದ್ದವು. ಅವು ಗುಬ್ಬಿಯ ಗೂಡುಗಳು, ಚೆಂಡುಗಳು ಮೊಟ್ಟೆ. ಮೊಟ್ಟೆಯನ್ನು ಹೊತ್ತೊಯ್ಯುವಂತಿಲ್ಲ, ಪುಟಿಸುತ್ತಲೇ ತಂದು ತನ್ನ ಗೂಡಿಗೆ ಸೇರಿಸಬೇಕು. ಅಷ್ಟರಲ್ಲಿ ಪಕ್ಕದ ಗುಬ್ಬಿ ಬಂದು ಕದ್ದರೆ ಕದಿಯಲಿ. ಇನ್ನೊಂದು ಆಟದಲ್ಲಿ ಭೀಮೇಶನೇ ಹುಲಿಯಾಗಿ ಗೊರಕೆ ಹೊಡೆಯುತ್ತ ಮಲಗುತ್ತಿದ್ದ. ಮಕ್ಕಳು ಚೆಂಡು ಪುಟಿಸುತ್ತ ಅವನತ್ತ ಬರಬೇಕು, ಹುಲಿ ಕಣ್ಣು ಬಿಟ್ಟ ಕೂಡಲೇ ಚೆಂಡು ಎದೆಗವುಚಿ ಕಲ್ಲಾಗಿ ನಿಲ್ಲಬೇಕು.

ಎಲ್ಲಕ್ಕಿಂತ ಹೆಚ್ಚು ನಗು ಏಳುತ್ತಿದ್ದದ್ದು ‘ಬಿಸಿ ರೊಟ್ಟಿ’ ಆಟದಲ್ಲಿ. ಸುತ್ತು ಕಟ್ಟಿ ನಿಂತ ಮಕ್ಕಳಿಗೆ ಚೆಂಡೆಂದರೆ ಹಂಚಿನಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿ. ಹಿಡಿದುಕೊಂಡು ನಿಂತರೆ ಕೈ ಸುಡುತ್ತದೆ. ಹಿಡಿದವರು ತಡಮಾಡದೆ ಇನ್ನೊಬ್ಬರ ಹೆಸರು ಕೂಗಿ ಅವರತ್ತ ಎಸೆಯಬೇಕು.

“ಚೆಂಡ ಹೆಂಗ ಹಿಡೀಬೇಕು ಅಂತ ಮಕ್ಕಳಿಗೆ ಹೇಳಬಾರದ್ರಿ,” ಎಂದು ಭೀಮೇಶ ಮಕ್ಕಳನ್ನು ಬಿಡಲು ಬಂದ ತಾಯಿ ತಂದೆಯರಿಗೆ ಹೇಳುತ್ತಿದ್ದ. “ಸುಡತೈತಿ ಅಂತ ಹೇಳಬೇಕು. ಕೈ ತಾನ ಕಲೀತೈತಿ. ಅಂಜಿಕಿ ಅನ್ನೂದು ಆಟದಾಗ ಎಲ್ಲಿ ಹೋತು ಅನ್ನೂದ ಗೊತ್ತಾಗಂಗಿಲ್ಲ.”

ಅವನ ಮಾತು ಸುಳ್ಳಲ್ಲ. ಚೆಂಡು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದ ಮಕ್ಕಳು ತಿಂಗಳೊಪ್ಪತ್ತಿನಲ್ಲಿ ಚೆಂಡಿಗಾಗಿ ಜಗಳಾಡುತ್ತಿದ್ದರು. ಹತ್ತಿರದ ಯಳವತ್ತಿಯಿಂದಲೂ ನಾಲ್ಕಾರು ಮಕ್ಕಳು ಬಸ್ಸು ಹತ್ತಿ ಬರಲು ಶುರುಮಾಡಿದ್ದರು. ಆದರೆ ಆ ಗುಂಪಿನಲ್ಲಿ ಒಂದೇ ಒಂದು ಮಗುವಿನ ಅಂಜಿಕೆ ಮಾತ್ರ ಹೋಗಿರಲಿಲ್ಲ. ಆ ಮಗು ಭೀಮೇಶನ ಮಗಳು ನೇತ್ರಾ.

ನೇತ್ರಾಳಿಗೆ ಎಂಟು ವರ್ಷ. ಭಾನುವಾರ ಬಂತೆಂದರೆ ಅಪ್ಪನಿಗಿಂತ ಮೊದಲು ಎದ್ದು ಟಾಯರುಗಳನ್ನು ಉರುಳಿಸಿಕೊಂಡು ಹೊರಡುವವಳು. ಸಣ್ಣವರ ಬೂಟಿನ ಲಾಡಿ ಕಟ್ಟುವವಳು, ಬಿದ್ದವರನ್ನು ಎಬ್ಬಿಸುವವಳು ಅವಳೇ. ಗೂಡು ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚೆಂಡು ತನ್ನ ಕಡೆ ಹಾರಿ ಬಂದಾಗ ಮಾತ್ರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಅಂಗೈಗಳಿಂದ ಮುಖ ಮರೆಮಾಡಿ, ಮೈ ಹಿಡಿಯಷ್ಟು ಮಾಡಿಕೊಂಡು ನಿಂತುಬಿಡುತ್ತಿದ್ದಳು. ಚೆಂಡು ಮೊಣಕೈಗೋ ತಲೆಗೋ ತಾಗಿ ಎತ್ತಲೋ ಹೋಗುತ್ತಿತ್ತು.

ಇದಕ್ಕೆ ಕಾರಣ ಭೀಮೇಶನಿಗೆ ಗೊತ್ತಿತ್ತು. ಊರ ಮಕ್ಕಳಿಗೆ ಆಟ ಕಲಿಸಲು ಶುರುಮಾಡುವ ಮೊದಲು ಅವನು ಮಗಳಿಗೆ ಕಲಿಸಲು ಹೊರಟಿದ್ದ. ಯೂನಿವರ್ಸಿಟಿ ತಂಡಕ್ಕೆ ಆಡಿದವನ ಮಗಳು ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರಬೇಕು ಎಂಬುದು ಅವನ ಆಸೆ. ಆಗ ಗೂಡಿಲ್ಲ, ಹುಲಿಯಿಲ್ಲ. ಮನೆಯ ಓಣಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ದೊಡ್ಡವರ ಚೆಂಡನ್ನೇ ಎದೆಯ ನೇರಕ್ಕೆ ಒಗೆಯುತ್ತಿದ್ದ. “ಕಣ್ಣ ತೆಗಿ. ಚೆಂಡ ನೋಡು,” ಅನ್ನುತ್ತಿದ್ದ. ಒಂದು ಸಂಜೆ ಚೆಂಡು ಕೈಯೊಳಗಿಂದ ನುಸುಳಿ ಮೂಗಿಗೆ ಬಡಿಯಿತು. ಫ್ರಾಕಿನ ಮೇಲೆ ರಕ್ತ ಸುರಿಯುವಾಗಲೂ ಅವನು, “ಅಳಬ್ಯಾಡ, ಇನ್ನೊಂದ ಹಿಡಿ, ಅಂಜಿಕಿ ಹೋಗತೈತಿ,” ಎಂದು ಮತ್ತೆ ಒಗೆದಿದ್ದ. ಹೆಂಡತಿ ಮಮತಾ ಹೊರಗೆ ಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಮಕ್ಕಳಿಗೆ ಆಟದಲ್ಲೇ ಕಲಿಸಬೇಕು ಎಂಬ ಬುದ್ಧಿ ಭೀಮೇಶನಿಗೆ ಬಂದದ್ದು ಆಮೇಲೆ. ಅದರ ಫಲ ಊರ ಮಕ್ಕಳಿಗೆಲ್ಲ ಸಿಕ್ಕಿತು.

ಮೈದಾನದಲ್ಲಿ ಅವನ ಕಣ್ಣು ಎಲ್ಲ ಮಕ್ಕಳ ಮೇಲೂ ಇರುತ್ತಿತ್ತು. ಮಗಳ ಸರದಿ ಬಂದಾಗ ಮಾತ್ರ ಸೀಟಿಯ ದಾರ ಸರಿಮಾಡಿಕೊಳ್ಳುತ್ತಲೋ ಇನ್ನೊಂದು ಮಗುವಿನ ಜೊತೆ ಮಾತಾಡುತ್ತಲೋ ಬೇರೆ ಕಡೆ ತಿರುಗಿಬಿಡುತ್ತಿದ್ದ. ತಾನು ಹೇಳುವ ಮಾತೆಲ್ಲ ಸುಳ್ಳೆಂದು ಸಾರಲು ಅವಳೊಬ್ಬಳು ಅಲ್ಲಿ ನಿಂತಂತೆ ಅವನಿಗೆ ತೋರುತ್ತಿತ್ತು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬೆಟಗೇರಿಯಿಂದ ದೇವೇಂದ್ರಪ್ಪನವರ ಫೋನು ಬಂತು. ಭೀಮೇಶನಿಗೆ ಚೆಂಡು ಹಿಡಿಯಲು ಕಲಿಸಿದವರೇ ಅವರು. ಆ ಸುತ್ತಿನ ಹಳೆಯ ಆಟಗಾರರಲ್ಲಿ ಅವರ ಕೈಕೆಳಗೆ ಪಳಗದವರು ಕಡಿಮೆ. ಈಗ ವಯಸ್ಸಾಗಿತ್ತು, ದನಿ ಮಾತ್ರ ಹಾಗೇ ಇತ್ತು.

“ನೀ ಏನೋ ರೊಟ್ಟಿ ಆಟ, ಗುಬ್ಬಿ ಆಟ ಆಡಸ್ತಿ ಅಂತ ಖಬರ ಬಂತು,” ಎಂದರು. “ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ನಾಕೂ ಊರಾಗ ಸಣ್ಣ ಹುಡುಗರಿಗೆ ಇದನ್ನ ಶುರು ಮಾಡೂಣು ಅಂತ ನನ್ನ ವಿಚಾರ. ಮಾಸ್ತರಿಗೆಲ್ಲಾ ನೀನ ಕಲಸು. ಆದ್ರ ಮೊದಲ ನಾ ಕಣ್ಣಲೆ ನೋಡಬೇಕು. ಮುಂದಿನ ಐತಾರ ನಿನ್ನ ಹುಡುಗರನ್ನ ಕರಕೊಂಡು ಗದಗಿಗೆ ಬಾ. ಉಳದ ಊರಿನ ಮಾಸ್ತರೂ ಬರ್ತಾರ.”

ಭೀಮೇಶನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಶನಿವಾರ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ನೇತ್ರಾನ ನಾಳೆ ಬಿಟ್ಟ ಹೋಗಲೇನು? ಆಕಿಗೆ ನೆಗಡಿ ಐತಿ. ಮುಂಜಾನೆ ಚಳಿ ಭಾಳ,” ಎಂದ.

ಮಮತಾ ಹಿಟ್ಟು ನಾದುತ್ತಿದ್ದವಳು ತಲೆಯೆತ್ತಿ ಅವನನ್ನು ನೋಡಿದಳು. “ನೆಗಡಿ ಹೋಗಿ ವಾರಾತು. ಆಕಿ ಆಗಲೇ ಚೀಲಾ ಕಟ್ಟಿ ಇಟ್ಟಾಳ.”



ಭಾನುವಾರ ಟೆಂಪೊದಲ್ಲಿ ಹೊರಟರು. ಯಳವತ್ತಿಯ ಕ್ರಾಸಿನಲ್ಲಿ ಆ ಊರಿನ ಮಕ್ಕಳು ಶಾಲು ಹೊದ್ದು ಕಾಯುತ್ತಿದ್ದರು. ಎರಡೂ ಬದಿಯ ಎರೆಹೊಲಗಳಲ್ಲಿ ಕಡಲೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ದಾರಿಯುದ್ದಕ್ಕೂ ನೇತ್ರಾ ಯಳವತ್ತಿಯ ವೀರುವಿನ ಪಕ್ಕ ಕೂತು ಏನೋ ಹೇಳುತ್ತ ನಗುತ್ತಿದ್ದಳು.

ಗದಗಿನ ಮೈದಾನದಲ್ಲಿ ಸಿಮೆಂಟಿನ ಅಂಕಣವಿತ್ತು. ಬೇರೆ ಊರಿನ ಮಾಸ್ತರರು ಗೋಡೆಯ ನೆರಳಲ್ಲಿ ನಿಂತಿದ್ದರು. ದೇವೇಂದ್ರಪ್ಪ ಕುರ್ಚಿ ಬೇಡವೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಗೆರೆಯ ಹತ್ತಿರವೇ ನಿಂತರು. ಭೀಮೇಶ ಟಾಯರು ಹರಡಿದ. ಮೊದಲ ಆಟದಲ್ಲೇ ಮೈದಾನ ಅವನದಾಯಿತು. ಲೋಹಿತ ಎಂಬ ಚೂಟಿ ಹುಡುಗ ಮೂವರನ್ನು ಯಾಮಾರಿಸಿ ಎಡಗೈಯಲ್ಲಿ ಚೆಂಡು ಪುಟಿಸುತ್ತ ಗೂಡು ಸೇರಿದಾಗ ದೇವೇಂದ್ರಪ್ಪ, “ಇವನಿಗೆ ಎಡಗೈ ಯಾರ ಕಲಿಸಿದ್ರೋ?” ಎಂದು ಕೇಳಿದರು.

“ಯಾರೂ ಇಲ್ರಿ ಸರ್. ಬಲಗಡೆ ಕಳ್ಳ ಗುಬ್ಬಿ ಇರತಾವಲ್ಲ, ಅದಕ್ಕ ತಾನ ಕೈ ಬದಲಿ ಮಾಡ್ತಾನ,” ಎಂದ ಭೀಮೇಶ.

ಮುದುಕರು ಹೂಂ ಎಂದರು. ಅವರ ಬಾಯಿಂದ ಹೂಂ ಬಂದರೆ ಅದು ದೊಡ್ಡ ಶಾಭಾಸ್‌ಗಿರಿ ಎಂದು ಭೀಮೇಶನಿಗೆ ಗೊತ್ತಿತ್ತು. ಹುಲಿಯ ಆಟದಲ್ಲಿ ಮಾಸ್ತರರೂ ನಕ್ಕರು. ಒಬ್ಬಿಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಭೀಮೇಶನ ಮೈಗೆ ಹಳೆಯ ದಿನಗಳ ಬಿಸಿ ಬಂದಿತ್ತು.

ಆಮೇಲೆ ಬಿಸಿ ರೊಟ್ಟಿ. ಮಕ್ಕಳು ಸುತ್ತು ಕಟ್ಟಿದರು. ಹೆಸರು ಕೂಗುತ್ತ, ಅಯ್ಯೋ ಸುಟ್ಟಿತು ಅನ್ನುತ್ತ ಚೆಂಡು ಕೈಯಿಂದ ಕೈಗೆ ಹಾರತೊಡಗಿತು. ಭೀಮೇಶ ದೇವೇಂದ್ರಪ್ಪನವರ ಪಕ್ಕದಲ್ಲಿ ನಿಂತು, ಹೀಗೆ ಆಡುವ ಮಕ್ಕಳಿಗೆ ಚೆಂಡಿನ ಅಂಜಿಕೆ ಉಳಿಯುವುದೇ ಇಲ್ಲ ಎಂದು ಹೇಳುತ್ತಿದ್ದ. ಅಷ್ಟರಲ್ಲಿ ಲೋಹಿತ “ನೇತ್ರಾ” ಎಂದು ಕೂಗಿ ಎಸೆದ. ನೇತ್ರಾ ಕಣ್ಣು ಮುಚ್ಚಿ ಮುಖ ಮುಚ್ಚಿಕೊಂಡಳು. ಚೆಂಡು ಅವಳ ತಲೆಗೆ ತಾಗಿ ಮೇಲೆ ಹಾರಿ ಇವರ ಕಾಲ ಬಳಿಗೆ ಉರುಳಿ ಬಂತು.

“ಒಂದ ರೊಟ್ಟಿ ಹೊತ್ತಿ ಹೋತು ನೋಡ್ರಿ,” ಎಂದು ಮುಂಡರಗಿಯ ಮಾಸ್ತರೊಬ್ಬರು ಅಂದರು. ಉಳಿದವರು ನಕ್ಕರು.

ದೇವೇಂದ್ರಪ್ಪ ನಗಲಿಲ್ಲ. ಅವಳ ಕಡೆಯೇ ನೋಡುತ್ತ ಕೇಳಿದರು: “ಆ ಹುಡುಗಿ ಯಾರೋ ಭೀಮೇಶಾ?”

“ಯಾರೋ ಯಳವತ್ತಿಯಾಕಿರಿ ಸರ್,” ಎಂದ ಭೀಮೇಶ. ಮಾತು ಹೇಗೆ ಬಂತೆಂದು ಅವನಿಗೆ ತಿಳಿಯಲಿಲ್ಲ. ಬಂದದ್ದು ಸಾಲದೆಂಬಂತೆ ಇನ್ನೂ ಸೇರಿಸಿದ: “ಹೊಸಾದಾಗಿ ಬಂದಾಳ. ನನ್ನ ಕಡೆ ಇನ್ನೂ ಕಲ್ತಿಲ್ಲ.”

ಚೆಂಡು ಹೆಕ್ಕಿಕೊಳ್ಳಲು ನೇತ್ರಾ ಅಷ್ಟರಲ್ಲಿ ಅವರ ಎದುರಿಗೇ ಬಂದು ಬಗ್ಗಿದ್ದಳು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತು ಅಪ್ಪನ ಮುಖ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಹೇಳಿದ್ದನ್ನು ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಯೋಚಿಸುವವಳಂತೆ ಒಂದು ಗಳಿಗೆ ನಿಂತಳು. ಆಮೇಲೆ ತಿರುಗಿ ಓಡಿಹೋಗಿ ತನ್ನ ಜಾಗದಲ್ಲಿ ನಿಂತು, ಚೆಂಡನ್ನು ವೀರುವಿನತ್ತ ಎಸೆದಳು.

ಭೀಮೇಶನ ಕಿವಿ ಕಾದವು. ಈಗಲೇ ನಕ್ಕು, ಅಲ್ರಿ ಸರ್, ಚಾಷ್ಟಿ ಮಾಡಿದೆ, ಆಕಿ ನನ್ನ ಮಗಳು ಅಂದುಬಿಟ್ಟರೆ ಆಗುತ್ತಿತ್ತು. ಅವನು ಸೀಟಿ ಊದಿ, ಮಕ್ಕಳನ್ನು ಮುಂದಿನ ಆಟಕ್ಕೆ ಕರೆದ.

ಸ್ವಲ್ಪ ಹೊತ್ತಿನ ಮೇಲೆ ನೇತ್ರಾ ಅವನ ಹತ್ತಿರ ಬಂದಳು. ಸುತ್ತಲೂ ಮಾಸ್ತರರಿದ್ದರು. “ಸರ್, ನೀರ ಕುಡದ ಬರ್ಲ್ಯಾರಿ?” ಎಂದು ಕೇಳಿದಳು. ಅವಳು ಅವನನ್ನು ಸರ್ ಎಂದು ಕರೆದದ್ದು ಅದೇ ಮೊದಲು. ಭಾನುವಾರದ ಆಟದಲ್ಲಿ ಉಳಿದ ಮಕ್ಕಳೆಲ್ಲ ಸರ್ ಅಂದರೂ ಅವಳಿಗೆ ಅವನು ಅಪ್ಪನೇ ಆಗಿದ್ದ.

“ಹೋಗಿ ಬಾ,” ಎಂದ ಅವನು.

ಮಧ್ಯಾಹ್ನ ಊಟಕ್ಕೆ ಮಕ್ಕಳು ಗೋಡೆಯ ನೆರಳಲ್ಲಿ ಸಾಲಾಗಿ ಕೂತರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಭೀಮೇಶ ತಾನೇ ಬಡಿಸತೊಡಗಿದ. ದೇವೇಂದ್ರಪ್ಪ ತಟ್ಟೆ ಹಿಡಿದು ಮಕ್ಕಳ ನಡುವೆಯೇ ಬಂದು ಕೂತದ್ದು ನೇತ್ರಾಳ ಎದುರಿಗೆ.

“ನೇತ್ರಾ ಅಲ್ಲೇನು ನಿನ್ನ ಹೆಸರು? ಹುಡುಗರು ಕೂಗೂದ ಕೇಳಿದೆ,” ಎಂದರು.

“ಹೌದ್ರಿ.”

“ಯಳವತ್ತಿಯಾಗ ಯಾರ ಮನಿಯಾಕಿ ನೀನು? ನನಗ ಅಲ್ಲಿ ಭಾಳ ಮಂದಿ ಗುರುತಿನವರದಾರ.”

ಭೀಮೇಶ ಪಲ್ಯದ ಸೌಟು ಹಿಡಿದು ಎರಡು ಮಾರು ದೂರದಲ್ಲಿದ್ದ. ನೇತ್ರಾ ಅವನನ್ನು ನೋಡಲಿಲ್ಲ. ರೊಟ್ಟಿ ಮುರಿಯುತ್ತ, “ವೀರೂನ ಮನಿ ಬಾಜೂರಿ,” ಎಂದಳು. ಪಕ್ಕದಲ್ಲಿದ್ದ ವೀರು ಬಾಯಿ ತೆರೆದ. ಅವಳು ಅವನ ಮೊಣಕಾಲನ್ನು ಎಡಗೈಯಿಂದ ಒತ್ತಿ ಹಿಡಿದಳು. ಅವನು ಬಾಯಿ ಮುಚ್ಚಿದ.

ಅಪ್ಪ ಹೇಳಿದ ಸುಳ್ಳನ್ನು ಎಂಟು ವರ್ಷದ ಮಗಳು ಕೆಳಗೆ ಬೀಳದಂತೆ ಹಿಡಿದುಕೊಂಡಿದ್ದಳು. ಅದನ್ನು ಕಣ್ಣಾರೆ ಕಂಡು ಭೀಮೇಶ ಸೌಟು ಹಿಡಿದು ನಿಂತೇ ಇದ್ದ. ಆಮೇಲೆ ಹತ್ತಿರ ಹೋಗಿ, “ಇನ್ನಷ್ಟ ಪಲ್ಯೆ ಹಾಕ್ಲ್ಯಾ ಸರ್?” ಎಂದು ಕೇಳಿದ. ಅವನ ಬಾಯಿಂದ ಹೊರಟದ್ದು ಅಷ್ಟೇ.

“ಸಾಕು,” ಎಂದರು ದೇವೇಂದ್ರಪ್ಪ. “ನಿನಗೂ ಒಬ್ಬಾಕಿ ಮಗಳದಾಳಲ್ಲ? ಇಷ್ಟ ದೊಡ್ಡಾಕಿ ಆಗಿರಬೇಕು. ಕರಕೊಂಡ ಬರಬೇಕಿತ್ತು.”

“ನೆಗಡಿ ಆಗೇತ್ರಿ,” ಎಂದ ಭೀಮೇಶ.

ನೇತ್ರಾ ತಟ್ಟೆಯಲ್ಲಿದ್ದ ಚಟ್ನಿಯನ್ನು ಬೆರಳಿಂದ ಒಂದೆಡೆ ಕೂಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

ಸಂಜೆ ಹೊರಡುವಾಗ ದೇವೇಂದ್ರಪ್ಪನವರೂ ಟೆಂಪೊ ಹತ್ತಿದರು. ಅವರ ತಂಗಿ ಸುಮಿತ್ರವ್ವನ ಮನೆ ಲಕ್ಷ್ಮೇಶ್ವರದಲ್ಲಿತ್ತು. ನೋಡಿಕೊಂಡು ಬರುತ್ತೇನೆ ಎಂದರು. ಡ್ರೈವರನ ಪಕ್ಕದಲ್ಲಿ ಅವರು, ಅವರ ಪಕ್ಕದಲ್ಲಿ ಭೀಮೇಶ. ಮಕ್ಕಳೆಲ್ಲ ಹಿಂದೆ. ದಾರಿಯಲ್ಲಿ ಅವರು ಮುಂದಿನ ಕೆಲಸದ ಮಾತಾಡಿದರು. ಮೊದಲು ಮುಂಡರಗಿಯಲ್ಲಿ ಮಾಸ್ತರರನ್ನು ಕೂಡಿಸಬೇಕು, ಆಮೇಲೆ ಶಿರಹಟ್ಟಿಯಲ್ಲಿ. ಬೆಳಗ್ಗೆ ಕೇಳಿದ್ದರೆ ಭೀಮೇಶ ಕುಣಿದಾಡುತ್ತಿದ್ದ ಮಾತುಗಳು. ಈಗ ಒಂದೊಂದಕ್ಕೂ ಹೌದ್ರಿ, ಆತ್ರಿ ಅನ್ನುತ್ತ ರಸ್ತೆ ನೋಡುತ್ತಿದ್ದ. ಮನೆಗೆ ಹೋದ ಮೇಲೆ ಮಗಳಿಗೆ ತಿಳಿಸಿ ಹೇಳಬೇಕು ಅಂದುಕೊಳ್ಳುತ್ತಿದ್ದ. ಏನೆಂದು ತಿಳಿಸಿ ಹೇಳುವುದು ಅನ್ನುವುದು ಮಾತ್ರ ಹೊಳೆಯುತ್ತಿರಲಿಲ್ಲ.

ಯಳವತ್ತಿ ಕ್ರಾಸಿನಲ್ಲಿ ಟೆಂಪೊ ನಿಂತಿತು. ವೀರುವಿನ ಅಜ್ಜಿ ಗದಿಗೆವ್ವ ಮೊಮ್ಮಗನನ್ನು ಕರೆದೊಯ್ಯಲು ಬಂದು ಕಲ್ಲಿನ ಮೇಲೆ ಕೂತಿದ್ದಳು. ಮಕ್ಕಳು ದಡದಡ ಇಳಿದರು. ಹಿಂದಿನ ಬಾಗಿಲು ಬಡಿದ ಸದ್ದಾಯಿತು. ಡ್ರೈವರ್ ಗಾಡಿ ಬಿಟ್ಟ. ಸ್ವಲ್ಪ ಮುಂದೆ ಹೋದ ಮೇಲೆ ಹಿಂದಿನಿಂದ ಲೋಹಿತನ ದನಿ ಬಂತು.

“ಸರ್, ನೇತ್ರಾ ಇಳದಾಳ್ರಿ.”

“ಗಾಡಿ ನಿಂದ್ರಸಪಾ,” ಎಂದ ಭೀಮೇಶ.

ದೇವೇಂದ್ರಪ್ಪ, “ಯಾಕೋ? ಆಕಿ ಊರ ಇದ ಅಲ್ಲ? ಇಳೀಲಿ ಬಿಡು,” ಎಂದರು.

ಭೀಮೇಶ ಹಿಂದಕ್ಕೆ ತಿರುಗಿ ನೋಡಿದ. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು. ಅವರಿಗೆಲ್ಲ ಅವಳು ಯಾರೆಂದು ಗೊತ್ತಿತ್ತು.

“ಅಲ್ರಿ ಸರ್,” ಎಂದ. “ಆಕಿ ನನ್ನ ಮಗಳು.”

ಗಾಡಿ ನಿಂತಿತು. ದೇವೇಂದ್ರಪ್ಪ ಅವನತ್ತ ತಿರುಗಿ ನೋಡಿದರು. ಅವನು ಅವರ ಮುಖ ನೋಡಲಾರದೆ ಬಾಗಿಲು ತೆಗೆದು ಇಳಿದು ಹಿಂದಕ್ಕೆ ನಡೆದ.

ಗದಿಗೆವ್ವ ನೇತ್ರಾಳ ಕೈ ಹಿಡಿದು ನಿಂತಿದ್ದಳು. “ಏನಪಾ ಮಾಸ್ತರಾ, ಈ ಕೂಸು ನಾ ಇದ ಊರಾಕಿ ಅನ್ನಾಕತ್ತೈತಿ. ನಮ್ಮೂರಾಗ ನಾ ನೋಡಲಾರದ ಕೂಸು ಯಾವದೈತಿ?” ಎಂದಳು.

“ನನ್ನ ಮಗಳಬೇ,” ಎಂದ ಭೀಮೇಶ.

“ನಿನ್ನ ಮಗಳಾ? ಮತ್ತ ಇಲ್ಯಾಕ ಇಳಿಸಿದಿ?”

ಅಪ್ಪನ ಪರವಾಗಿ ನೇತ್ರಾಳೇ ಹೇಳಿದಳು: “ಅವರು ಇಳಸಲಿಲ್ಲಜ್ಜಿ. ನಾನ ಇಳದೆ.”

ಅಜ್ಜಿ ಮಗುವನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಏನು ತಿಳಿಯಿತೋ, ಕೈ ಬಿಟ್ಟು, ವೀರುವನ್ನು ಕರೆದುಕೊಂಡು ಊರ ಕಡೆ ಹೊರಟಳು.

ಭೀಮೇಶ ಮಗಳ ಎದುರಿಗೆ ರಸ್ತೆಯ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತ. “ಯಾಕ ಇಳದಿಯವ್ವಾ?”

“ಆ ಅಜ್ಜಾರು ಗಾಡ್ಯಾಗ ಇದ್ರಲ್ಲ,” ಎಂದಳು ಅವಳು ಸಣ್ಣ ದನಿಯಲ್ಲಿ, ಟೆಂಪೊದ ಕಡೆ ನೋಡುತ್ತ. “ನಾ ಇಳೀಲಿಲ್ಲಂದ್ರ ಅವರಿಗೆ ಗೊತ್ತಾಗತಿತ್ತು. ಸಂಜಿ ಬಸ್ಸ ಐತಂತ. ವೀರು ಹೇಳ್ಯಾನ. ನಾ ಬಸ್ಸಿಗೆ ಬರ್ತಿದ್ದೆ.”

ಬಸ್ಸಿನಲ್ಲಿ ಒಬ್ಬಳೇ ಎಂದೂ ಹೋಗದ ಹುಡುಗಿ. ಅಪ್ಪನಿಗೆ ಅವಮಾನ ಆಗಬಾರದೆಂದು ಪರವೂರಿನ ಕ್ರಾಸಿನಲ್ಲಿ ಇಳಿದು, ಬಸ್ಸಿಗೆ ಕಾಯಲು ಸಿದ್ಧಳಾಗಿದ್ದಳು. ಭೀಮೇಶನಿಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಮುಟ್ಟಲು ಧೈರ್ಯವಾಗಲಿಲ್ಲ. ಎದ್ದು ಅವಳ ಚೀಲ ತೆಗೆದುಕೊಂಡ. ಇಬ್ಬರೂ ಟೆಂಪೊದ ಕಡೆ ನಡೆದರು. ಅವಳು ಒಂದು ಹೆಜ್ಜೆ ಹಿಂದೆಯೇ ಉಳಿದಳು.

ದೇವೇಂದ್ರಪ್ಪ ಜರುಗಿ ಕೂತು ನಡುವೆ ಜಾಗ ಮಾಡಿದ್ದರು. ನೇತ್ರಾ ಅವರಿಬ್ಬರ ನಡುವೆ ಕೂತಳು. ಟೆಂಪೊ ಲಕ್ಷ್ಮೇಶ್ವರ ತಲುಪಿತು. ತಂಗಿಯ ಮನೆಯ ಓಣಿಯಲ್ಲಿ ಇಳಿದ ಮೇಲೆ ದೇವೇಂದ್ರಪ್ಪ ಕಿಟಕಿಯ ಬಳಿ ನಿಂತು, “ಬರ್ತೀನವಾ ನೇತ್ರಾ,” ಎಂದರು. ಆಮೇಲೆ ಭೀಮೇಶನಿಗೆ, “ಮುಂಜಾನೆ ಆ ಹುಡುಗಿ ಯಾರು ಅಂದಾಗ ನಾ ಹೆಸರ ಕೇಳಾಕ ಹೊಂಟಿದ್ನೋ. ಅಂಜೂ ಹುಡುಗರಿಗೆ ಚೆಂಡ ಒಗ್ಯಾಕಿಂತ ಮೊದಲ ಹೆಸರ ಹಿಡದ ಎರಡ ಮಾತಾಡಸಬೇಕು. ಅಷ್ಟಕ್ಕ ಕೇಳಿದ್ದೆ,” ಎಂದರು. ಸಿಟ್ಟಿನಿಂದ ಅಂದಿದ್ದರೆ ಭೀಮೇಶನಿಗೆ ಹಗುರಾಗುತ್ತಿತ್ತೇನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಇತ್ತು. ಮುಂಡರಗಿಯ ಮಾತು, ಶಿರಹಟ್ಟಿಯ ಮಾತು ಮತ್ತೆ ಎತ್ತದೆ ಓಣಿಯೊಳಗೆ ಹೊರಟುಹೋದರು.

ಮನೆಯಲ್ಲಿ ನೇತ್ರಾ ತಾಯಿಗೆ ಏನೂ ಹೇಳಲಿಲ್ಲ. ಗೂಡು ಕಾದದ್ದು, ಹುಲಿ ಆಟದಲ್ಲಿ ಮಾಸ್ತರರು ನಕ್ಕದ್ದು, ಊಟಕ್ಕೆ ಬದನೆಕಾಯಿ ಪಲ್ಯ ಇದ್ದದ್ದು ಹೇಳಿದಳು. ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದಳು. ಅವಳು ಬಿಟ್ಟುದನ್ನು ಭೀಮೇಶನೇ ಹೇಳಬೇಕಾಯಿತು. ಮಮತಾ ಪೂರ್ತಿ ಕೇಳಿಸಿಕೊಂಡಳು.

“ನನ್ನ ಮುಂದ ಹೇಳಿ ಏನ ಮಾಡ್ತಿ?” ಎಂದಳು ಕೊನೆಗೆ. “ಆಕಿ ಮುಂದ ಹೇಳಿದೇನು?”

ಅವನು ಹಿತ್ತಲಿಗೆ ಹೋದ. ನೇತ್ರಾ ಕಾಲು ಒರೆಸಿಕೊಂಡು ಕಲ್ಲಿನ ಮೇಲೆ ಕೂತಿದ್ದಳು.

“ಮುಂಜಾನೆ ನಾ ಹಂಗ ಅನ್ನಬಾರದಿತ್ತು. ತಪ್ಪಾತು,” ಎಂದ. “ನಿನ್ನ ತಪ್ಪಲ್ಲ ಅದು. ಚೆಂಡಿನ ಅಂಜಿಕಿನೂ ನಿನ್ನ ತಪ್ಪಲ್ಲ. ಅದನ್ನ ಹಚ್ಚಿದಾಂವ ನಾನ.”

ಅವಳು ಅವನ ಮಾತಿನ ಕೊನೆಯ ತುಂಡನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. “ನಾ ಕಣ್ಣ ತೆರೀಬೇಕಂತ ಮಾಡ್ತೀನಪ್ಪಾ,” ಎಂದಳು. “ಈ ಸಲ ತೆರದ ಇಡಬೇಕು ಅಂತ ಗಟ್ಟಿ ಮಾಡ್ಕೊಂಡ ಬಂದಿದ್ದೆ. ಚೆಂಡ ಬಂದಕೂಡ್ಲೆ ತಾವ ಮುಚ್ಚತಾವು.”

“ಮುಚ್ಚಲಿ ಬಿಡು.”

“ಮುಂದಿನ ಐತಾರ ನಾ ಬರಲಿಲ್ಲಂದ್ರ ನಡೀತೈತೇನು?”

ನಡೆಯುತ್ತದೆ ಎಂದ. ಅವಳು ತಲೆಯಾಡಿಸಿ ಒಳಗೆ ಹೋದಳು. ಕ್ಷಮಿಸಿದೆನೆಂದಾಗಲಿ ಇಲ್ಲವೆಂದಾಗಲಿ ಅವಳು ಹೇಳಲಿಲ್ಲ. ಅದು ಅವಳಿಗೆ ಹೇಳಬೇಕಾದ ಸಂಗತಿಯೆಂದೂ ಅನ್ನಿಸಿರಲಿಕ್ಕಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಟಾಯರುಗಳನ್ನು ಭೀಮೇಶ ಒಬ್ಬನೇ ಉರುಳಿಸಿಕೊಂಡು ಹೋದ. ಸಣ್ಣವರ ಲಾಡಿ ತಾನೇ ಕಟ್ಟಿದ. ನೇತ್ರಾ ಯಾಕೆ ಬಂದಿಲ್ಲ ಎಂದು ಮಕ್ಕಳು ಕೇಳುತ್ತಿರಲಿಲ್ಲ. ಕೇಳದೇ ಇದ್ದದ್ದೇ ಅವನನ್ನು ಚುಚ್ಚುತ್ತಿತ್ತು. ವೀರು ಮೊದಲಿನಂತೆಯೇ ಆಡುತ್ತಿದ್ದ, ಆದರೆ ಹುಲಿ ಮಲಗಿದಾಗ ಹತ್ತಿರ ಬರುತ್ತಿರಲಿಲ್ಲ, ದೂರದಲ್ಲೇ ನಿಂತುಬಿಡುತ್ತಿದ್ದ.

ಗದಗಿನ ಕೆಲಸ ಕೈತಪ್ಪಿತು ಎಂದೇ ಭೀಮೇಶ ತಿಳಿದಿದ್ದ. ತಪ್ಪಿದ್ದು ನ್ಯಾಯವೇ ಎಂದೂ ಅಂದುಕೊಂಡಿದ್ದ. ಹೀಗಿರುವಾಗ ಒಂದು ದಿನ ದೇವೇಂದ್ರಪ್ಪ ಫೋನು ಮಾಡಿ, ಮುಂಡರಗಿಯಲ್ಲಿ ಮಾಸ್ತರರು ಸೇರುವ ದಿನ ಹೇಳಿದರು.

“ಸರ್, ನನಗ ಅದರ ಲಾಯಕಿ ಇಲ್ರಿ,” ಎಂದ ಭೀಮೇಶ. ಓಣಿಯ ಗೋಡೆ, ದೊಡ್ಡ ಚೆಂಡು, ಮೂಗಿನ ರಕ್ತ, ಆಮೇಲೆ ಮತ್ತೆ ಒಗೆದದ್ದು, ಅಲ್ಲಿವರೆಗೆ ಯಾರಿಗೂ ಹೇಳದಿದ್ದ ಅದನ್ನೆಲ್ಲ ಹೇಳಿದ.



“ಮಾಸ್ತರಿಗೆ ಮೊದಲ ಇದನ್ನ ಹೇಳು,” ಎಂದರು ದೇವೇಂದ್ರಪ್ಪ. “ರೊಟ್ಟಿ ಆಟ ಆಮ್ಯಾಲೆ ಕಲಸು.”

ಮುಂಡರಗಿಯ ಶಾಲೆಯೊಂದರ ಕೋಣೆಯಲ್ಲಿ, ಅಂದು ಗದಗಿನಲ್ಲಿ ನಕ್ಕಿದ್ದ ಮಾಸ್ತರರೇ ಬೆಂಚುಗಳಲ್ಲಿ ಕೂತಿದ್ದರು. ಭೀಮೇಶ ಹೇಳಿದ. ಮೂಗಿನ ಮಾತನ್ನೂ ಹೇಳಿದ, ಗದಗಿನ ಮಾತನ್ನೂ ಹೇಳಿದ. “ಆವತ್ತ ಹೊತ್ತಿ ಹೋತು ಅಂದ್ರಲ್ರಿ, ಆ ರೊಟ್ಟಿ, ಆಕಿ ನನ್ನ ಮಗಳು,” ಎಂದ. ಆ ಮಾತು ಆಡಿದ್ದ ಮಾಸ್ತರು ಕಿಟಕಿಯ ಹೊರಗೆ ನೋಡತೊಡಗಿದರು. ಒಬ್ಬರೂ ಅವನಿಗೆ ಸಮಾಧಾನ ಹೇಳಲಿಲ್ಲ. ಹೇಳಿಬಿಟ್ಟರೆ ಭಾರ ಇಳಿಯುತ್ತದೆ ಎಂದು ಅವನು ತಿಳಿದಿದ್ದ. ಇಳಿಯಲಿಲ್ಲ. ಆದರೂ ಮೇಜಿನ ಮೇಲಿನ ನೀರು ಕುಡಿದು, ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ, ಟಾಯರು ಹರಡಿ ಕಲಿಸಿದ.

ಆ ದಿನ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮನೆಗೆ ಬಂದಾಗ ನೇತ್ರಾ ಓಣಿಯಲ್ಲಿ ಗೆಳತಿಯರ ಜೊತೆ ಕುಂಟಬಿಲ್ಲೆ ಆಡುತ್ತಿದ್ದಳು. ನೆಲದ ಮೇಲೆ ಸುಣ್ಣದಕಡ್ಡಿಯ ಚೌಕಗಳು. ಒಂಟಿಕಾಲಿನಲ್ಲಿ ಕುಂಟುತ್ತ ಹೋಗಿ, ಬಿಲ್ಲೆಯನ್ನು ಕಾಲಿನಿಂದ ತಳ್ಳಿ, ಗೆರೆ ತುಳಿಯದೆ ತಿರುಗಿ ಬರಬೇಕು. ನೇತ್ರಾಳ ಕಾಲಿಗೆ ಗೆರೆಗಳು ಎಲ್ಲೆಲ್ಲಿವೆಯೆಂದು ನೋಡದೆಯೇ ಗೊತ್ತಿದ್ದವು. ಭೀಮೇಶ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತು ನೋಡಿದ. ಅವಳು ಆಡುವುದನ್ನು ಅವನು ಹೀಗೆ ಕಣ್ಣು ತುಂಬ ನೋಡಿ ಎಷ್ಟೋ ಕಾಲವಾಗಿತ್ತು.

“ನನ್ನನ್ನೂ ಹಚ್ಕೋತೀರೇನು?” ಎಂದು ಕೇಳಿದ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೇತ್ರಾ ಬಿಲ್ಲೆಯನ್ನು ಅವನ ಕೈಗೆ ಕೊಟ್ಟಳು. ಅವನು ಬೂಟು ಬಿಚ್ಚಿ, ಪ್ಯಾಂಟು ಮೇಲೇರಿಸಿ, ಒಂಟಿಕಾಲಲ್ಲಿ ಹಾರಿದ. ಚೌಕಗಳು ಎಂಟು ವರ್ಷದವರ ಕಾಲಿಗೆ ಬರೆದಿದ್ದವು. ಎರಡನೆಯ ಹಾರಿಕೆಗೇ ತೋಲ ತಪ್ಪಿ ಗೆರೆಯ ಮೇಲೆ ಎರಡೂ ಕಾಲು ಊರಿ, ಕೈಚೆಲ್ಲಿ ನಿಂತ. ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಔಟ್ ಎಂದು ಒಬ್ಬಳು ಬಿಲ್ಲೆ ಕಸಿದುಕೊಳ್ಳಲು ಬಂದಳು.

“ತಡೀರಿ,” ಎಂದಳು ನೇತ್ರಾ. “ನಮ್ಮಪ್ಪಗ ಬರಂಗಿಲ್ಲ. ಇನ್ನೊಂದ ಸಲ ಕೊಡ್ರಿ.”

ಅವಳು ಅದನ್ನು ಬಹಳ ಸಾದಾ ಹೇಳಿದಳು. ಗೆಳತಿಯರ ಮುಂದೆ, ಓಣಿಯಲ್ಲಿ ಹಾಯುವವರ ಮುಂದೆ, ತಡವರಿಸದೆ. ಭೀಮೇಶ ತಲೆ ತಗ್ಗಿಸಿ ಬಿಲ್ಲೆಯನ್ನು ನೋಡುತ್ತ ನಿಂತ. ಮುಖ ಬಿಸಿಯಾಗಿತ್ತು. ಅವಳು ಬಂದು ಅವನ ಮೊಣಕಾಲನ್ನು ಕೈಯಿಂದ ಮುಟ್ಟಿ, ಇಷ್ಟು ಮಡಿಸಬೇಕು ಎಂದು ತೋರಿಸಿ, ಮೊದಲನೆಯ ಚೌಕದ ಹತ್ತಿರ ಅವನನ್ನು ನಿಲ್ಲಿಸಿ ಪಕ್ಕಕ್ಕೆ ಸರಿದಳು.